ಬ್ಯಾರಲ್ ತುಂಬಿದ್ರೆ ಮಾತ್ರ ಉರಿಯೋ ಬಲ್ಬು

ಜೂನ್ 16, 2024, ಭಾನುವಾರ
ಕೊಪ್ಪ

ಇವತ್ತು ಬೆಳಗ್ಗೆಯಿಂದ ಮಳೆ ಬಿಟ್ಟು ಒಳ್ಳೆ ಹೊಳವು. ಅಡಿಕೆ ಮರ ಹತ್ತೋ ಕೊನೆಗಾರ ಬರೋದು ನಾಳೆ, ಔಷಧಿ ಹೊಡೆಯೋದೂ ನಾಳೆನೇ, ಹಂಗಾಗಿ ಪದೇ ಪದೇ ಫ್ಯೂಸ್ ಹೋಗ್ತಿರೋ ಜೀಪಿನ ಟೈಲ್ ಲೈಟ್ ಕತೆ ಇವತ್ತೇ ಮುಗಿಸಿಬಿಡೋಣ ಅಂತ ಭಾವನ್ನ ಕರೆಸ್ಕೊಂಡೆ. ನಮ್ಮದು 1991ರ ಎಂಎಂ540, ಮಹೀಂದ್ರದ್ದು, 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್. ಎಂಜಿನ್ ಬಗ್ಗೆ ದೂರಿಲ್ಲ. ಡೀಸೆಲ್ ಪಂಪು ಪೂರಾ ಮೆಕ್ಯಾನಿಕಲ್ ಆಗಿರೋದ್ರಿಂದ ಒಂದ್ಸಲ ಸ್ಟಾರ್ಟ್ ಆಯ್ತಂದ್ರೆ ಅದಕ್ಕೆ ಕರೆಂಟಿನ ಹಂಗೇ ಇಲ್ಲ, ಬ್ಯಾಟರಿ ಸತ್ತಿದ್ರೂ ಇಳಿಜಾರಲ್ಲಿ ತಳ್ಳಿ ಎಬ್ಬಿಸಬಹುದು. ತೊಂದ್ರೆ ಇರೋದೂ ಇಲ್ಲೇ. ಫ್ಯೂಸ್ ಹೋದ್ರೂ ಗಾಡಿ ಆರಾಮಾಗಿ ಓಡ್ತಾ ಇರುತ್ತೆ, ಹಿಂದಿನ ಲೈಟು, ನಂಬರ್ ಪ್ಲೇಟ್ ಲೈಟು, ಮುಂದಿನ ಪಾರ್ಕಿಂಗ್, ಮೀಟರ್ ಲೈಟು ಎಲ್ಲಾ ಒಟ್ಟಿಗೆ ಆರಿಹೋಗಿರುತ್ತೆ, ಡ್ಯಾಶ್ ಕಡೆ ನೋಡದಿದ್ರೆ ಗೊತ್ತೂ ಆಗಲ್ಲ. ಮಳೆಗಾಲದ ಸಂಜೆ, ಮಂಜು, ಹಿಂದಿಂದ ಬಸ್ಸು. ಹೇಳ್ಬೇಕಾಗಿಲ್ಲ.

ಪೇಟೆಲಿ ಒಬ್ಬ ಎಲೆಕ್ಟ್ರಿಷಿಯನ್ ಹತ್ರ ಬಿಟ್ಟಿದ್ದೆ. ಹೋಲ್ಡರ್ ತುಕ್ಕು ಹಿಡಿದಿದೆ ಅಂತ ಎರಡೂ ಟೈಲ್ ಲ್ಯಾಂಪ್ ಬದಲಾಯಿಸಿದ್ರು, ಅಲ್ಲಿ ನಿಂತಾಗ ಚೆನ್ನಾಗೇ ಉರೀತು, ಗೊಬ್ಬರ ತುಂಬ್ಕೊಂಡು ಮನೆಗೆ ಬರೋಷ್ಟ್ರಲ್ಲಿ ಫ್ಯೂಸ್ ಢಮಾರ್. ವಾಪಸ್ ಹೋದ್ರೆ ಹತ್ತು ಆಂಪಿಯರ್ ಗಾಜಿನ ಫ್ಯೂಸ್ ಕಿತ್ತು ಆ ಜಾಗಕ್ಕೆ ತಾಮ್ರದ ಎಳೆ ಸುತ್ತಿ "ಇನ್ನು ಹೋಗಲ್ಲ ಬಿಡಿ ಸಾರ್" ಅಂದ್ರು. ಹೋಗಲ್ಲ ನಿಜ, ಆದ್ರೆ ಆಮೇಲೆ ಫ್ಯೂಸ್ ಕೆಲಸ ಮಾಡೋದು ವೈರೇ ಅಲ್ವಾ. ವೈರು ಗಾಡಿಯ ಕಬ್ಬಿಣದ ಮೈಗೆ ನೇರ ತಾಗಿದ್ರೆ, ಅಂದ್ರೆ ಶಾರ್ಟ್ ಆದ್ರೆ, ಅಷ್ಟು ದೊಡ್ಡ ಬ್ಯಾಟರಿಯಿಂದ ನೂರು ಆಂಪಿಯರ್ ದಾಟಿ ಹರಿಯುತ್ತೆ, ಅಷ್ಟಕ್ಕೆ ಆ ಸಣ್ಣ ವೈರು ಕೆಂಪಗೆ ಕಾದು ಪಕ್ಕದ ವೈರನ್ನೂ ಕರಗಿಸುತ್ತೆ. ಮನೆಗೆ ಬಂದವನೇ ಮೊದ್ಲು ಕಿತ್ತಿದ್ದು ಆ ಎಳೆಯನ್ನೇ. ಇಂಥ ರಿಪೇರಿಗೆ ದುಡ್ಡು ಬೇರೆ ಕೇಳ್ತಾರೆ.

ಭಾವ ಕರೆಂಟ್ ಚೆಕ್ ಮಾಡೋ ಮಲ್ಟಿಮೀಟರ್ ತಂದಿದ್ರು. ಆದ್ರೆ ಬಲ್ಬು ಹಾಕಿದ್ದಂಗೇ ಮೀಟರ್ ಇಟ್ರೆ ಏನೂ ಗೊತ್ತಾಗಲ್ಲ, ತಣ್ಣಗಿರೋ ಬಲ್ಬಿನ ಫಿಲಮೆಂಟೇ ಎರಡು ಮೂರು ಓಮ್ ತೋರಿಸುತ್ತೆ, ಐದಾರು ಬಲ್ಬು ಸೇರಿದ್ರೆ ಅರ್ಧ ಓಮ್, ಮೀಟರ್ ಕುಯ್ ಅನ್ನುತ್ತೆ, ನಾವು ಶಾರ್ಟ್ ಸಿಕ್ತು ಅಂತ ಕುಣೀತೀವಿ. ಅದಕ್ಕೆ ಆ ಲೈನಿನ ಬಲ್ಬೆಲ್ಲಾ ಬಿಚ್ಚಿ ಡಬ್ಬಕ್ಕೆ ಹಾಕಿದ್ವಿ. ಫ್ಯೂಸ್ ಜಾಗದಲ್ಲಿ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಸೇರಿಸಿ, ಉದ್ದ ವೈರಲ್ಲಿ ಸೈಡ್ ಕನ್ನಡಿಗೆ ನೇತುಹಾಕಿದ್ವಿ, ಗಾಡಿ ಅಡಿ ಮಲಗಿದ್ರೂ ಕಾಣೋ ಹಂಗೆ. ಈ ಬಲ್ಬು ಇದ್ರೆ ಎಂಥ ಶಾರ್ಟ್ ಆದ್ರೂ ಎರಡು ಆಂಪಿಯರ್ ಒಳಗೇ ಹರಿಯೋದು, ಏನೂ ಸುಡಲ್ಲ. ಪೂರ್ತಿ ಉರಿದ್ರೆ ಶಾರ್ಟ್ ಇದೆ, ಆರಿದ್ರೆ ಇಲ್ಲ. ಒಂದೊಂದೇ ಫ್ಯೂಸ್ ಹಾಕಿ ಸುಡ್ತಾ ಕೂರೋದಕ್ಕಿಂತ ಎಷ್ಟೋ ವಾಸಿ.

ಪಾರ್ಕಿಂಗ್ ಸ್ವಿಚ್ ಹಾಕಿದ್ವಿ. ಬಲ್ಬು ಹತ್ಲೇ ಇಲ್ಲ.

ವೈರಿಂಗ್ ಕಟ್ಟನ್ನ ಡ್ಯಾಶ್ ಅಡಿಯಿಂದ ಹಿಂದಿನವರೆಗೆ ಹಿಡಿದು ಅಲ್ಲಾಡಿಸಿದ್ದಾಯ್ತು, ಎಳೆದಿದ್ದಾಯ್ತು, ಇಲಿ ಕಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದ್ದಾಯ್ತು. ಅಪ್ಪಯ್ಯ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತಾ "ಹೊಳವಾದ ದಿನ ಜೀಪಿನ ಅಡಿ ಮಲಗ್ತಾರಲ್ಲ" ಅಂತ ಯಾರಿಗೋ ಹೇಳಿದಂಗೆ ಹೇಳ್ತಿದ್ರು. ಆಗ ಭಾವ ಕೇಳಿದ್ರು, "ಹೌದನಾ ಮಾರಾಯ, ಖಾಲಿ ಗಾಡಿಲಿ ಯಾವತ್ತಾದ್ರೂ ಫ್ಯೂಸ್ ಹೋಗಿದ್ಯಾ?" ಯೋಚನೆ ಮಾಡಿದ್ರೆ ಇಲ್ಲ. ಗೊಬ್ಬರ ತಂದ ದಿನ, ಆಳುಗಳನ್ನ ಕೂರಿಸ್ಕೊಂಡು ಬಂದ ದಿನ, ಮೈಲುತುತ್ತ ಸುಣ್ಣದ ಚೀಲ ತಂದ ದಿನ. ಬರೀ ಲೋಡ್ ಇದ್ದಾಗ್ಲೇ.

ಬೋರ್ಡೋ ಔಷಧಿ ಕಲಸೋ ಇನ್ನೂರು ಲೀಟರ್ ಬ್ಯಾರಲ್ ನಾಳೆ ತೋಟಕ್ಕೆ ಒಯ್ಯೋದಕ್ಕೆ ಅಂತ ಹಿಂದೆ ಏರಿಸಿದ್ದೆವು, ಖಾಲಿಯಾಗಿತ್ತು. ಅದಕ್ಕೆ ಪೈಪಲ್ಲಿ ನೀರು ಬಿಟ್ವಿ. ಮುಕ್ಕಾಲು ತುಂಬಿದ್ರೂ ಬಲ್ಬು ಸುಮ್ಮನೆ. ಪೂರ್ತಿ ತುಂಬಿ ಭಾವನೂ ಹತ್ತಿ ಒಂದ್ಸಲ ಕುಕ್ಕರಿಸಿದ್ರು ನೋಡಿ, ಕನ್ನಡಿಲಿ ನೇತಾಡ್ತಿದ್ದ ಬಲ್ಬು ಪಕ್ ಅಂತ ಹತ್ಕೊಳ್ತು. ಎದ್ದು ನಿಂತ್ರೆ ಮಿಣುಕು, ಕೂತ್ರೆ ಫುಲ್ಲು. ಅಪ್ಪಯ್ಯನೇ ಎದ್ದು ಬಂದು ನೋಡಿದ್ರು.

ಆಮೇಲೆಲ್ಲಾ ಸಲೀಸು. ಬಲ್ಬು ಉರೀತಿರುವಾಗಲೇ ಡ್ಯಾಶ್ ಅಡಿ ಹಿಂದಕ್ಕೆ ಹೋಗೋ ಕನೆಕ್ಟರ್ ಕಿತ್ತೆ, ಆರ್ತು, ಅಂದ್ರೆ ಮುಂದಿನ ಭಾಗ ಸರಿ ಇದೆ. ಹಾಕಿ ಹಿಂದಿನ ತುದಿ ಕನೆಕ್ಟರ್ ಕಿತ್ತೆ, ಉರೀತಾನೇ ಇತ್ತು. ಹಂಗಾದ್ರೆ ಶಾರ್ಟ್ ಇರೋದು ನಡುವಿನ ಉದ್ದದಲ್ಲೇ, ಬಾಡಿ ಹೊರೋ ಅಡಿ ಚೌಕಟ್ಟು, ಅಂದ್ರೆ ಚಾಸಿ ಪಕ್ಕದಲ್ಲಿ. ಬ್ಯಾರಲ್ ನೀರು ಚೆಲ್ಲಿ, ಹಿಂದಿನ ಚಕ್ರದ ಹತ್ರ ಬಾಡಿ ಬೋಲ್ಟ್ ಸಡಿಲ ಮಾಡಿ, ಭಾವ ಹಾರೆಯಿಂದ ಬಾಡಿನ ಒಂದು ಬೆರಳಷ್ಟು ಮೀಟಿ ಹಿಡಿದ್ರು. ಚಾಸಿಗೂ ಬಾಡಿಗೂ ಮಧ್ಯೆ ಇರೋ ರಬ್ಬರು ಸವೆದು ಬಿಸ್ಕೆಟ್ಟಿನಷ್ಟಾಗಿತ್ತು. ವೈರ್ ಹಿಡಿಯೋ ಕ್ಲಿಪ್ ಯಾವ ಕಾಲಕ್ಕೆ ಮುರಿದಿತ್ತೋ, ಇಡೀ ಕಟ್ಟು ಜಾರಿ ಆ ಸಂದಿಗೇ ಬಂದು ಕೂತಿದೆ. ಕರೀ ಟೇಪು ಕೆಸರಿನ ಜೊತೆ ಅಂಟಂಟು, ಒಳಗಿನ ಒಂದು ವೈರಿನ ಪ್ಲಾಸ್ಟಿಕ್ ಚಪ್ಪಟೆಯಾಗಿ ಸೀಳಿದೆ, ಉಳಿದ ಎಳೆಯೆಲ್ಲಾ ಹಸಿರು ಕಿಲುಬು, ಚಾಸಿಗೆ ತಾಗ್ತಿದ್ದ ನಾಲ್ಕಾರು ಎಳೆ ಮಾತ್ರ ಹೊಸಾ ತಾಮ್ರದ ಹಂಗೆ ಫಳಫಳ. ಎದುರಿಗೆ ಚಾಸಿ ಮೇಲೆ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಪ್ಪು ಗುಳಿ.

ಕೆಟ್ಟ ತುಂಡು ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಪೂರಾ ಕಟ್ಟನ್ನ ಪ್ಲಾಸ್ಟಿಕ್ ಪೈಪಲ್ಲಿ ತೂರಿಸಿ ಚಾಸಿಯ ಒಳಮೈಗೆ ಟೈ ಹಾಕಿ ಬಿಗಿದ್ವಿ. ತಿರುಚಿ ಟೇಪ್ ಸುತ್ತೋಕೆ ನಾನು ಒಪ್ಪಲಿಲ್ಲ, ನಮ್ಮ ಮಳೆಗೆ ಅದು ಒಂದು ವರ್ಷ ಬಂದ್ರೆ ಹೆಚ್ಚು. ರಬ್ಬರ್ ಬದಲಿಗೆ ಸದ್ಯಕ್ಕೆ ಲಾರಿ ಟೈರಿನ ತುಂಡು, ಸರಿಯಾದ್ದು ಶಿವಮೊಗ್ಗದಿಂದ ತರಿಸ್ಬೇಕು, ಒಂದೇ ಅಲ್ಲ ಪೂರ್ತಿ ಸೆಟ್ಟು. ಬಲ್ಬೆಲ್ಲಾ ವಾಪಸ್ ಹಾಕಿ, ಹತ್ತು ಆಂಪಿಯರ್ ಗಾಜಿನ ಫ್ಯೂಸ್ ಹಾಕಿ, ಮತ್ತೆ ಬ್ಯಾರಲ್ ತುಂಬಿ, ಭಾವನ್ನ ಹಿಂದೆ ಕೂರಿಸಿ ಗೇಟಿನ ಹೊಂಡದಲ್ಲೆಲ್ಲಾ ಓಡಿಸಿದೆ, ಫ್ಯೂಸ್ ಗಟ್ಟಿ. ಭಾವನ ಪ್ಯಾಂಟು ಮಾತ್ರ ಪೂರಾ ಒದ್ದೆ, ಅಕ್ಕ ನನಗೆ ಬೈದ್ಲು.

ಫ್ಯೂಯೆಲ್ ಮುಳ್ಳು ಇನ್ನೂ ಯಾವಾಗ್ಲೂ ಫುಲ್ಲೇ ತೋರಿಸ್ತಿದೆ. ಅದು ಔಷಧಿ ಕೆಲಸ ಮುಗಿದ ಮೇಲೆ.