ಹಾಸನದಿಂದ ವಂಡರ್‌ಲಾಗೆ ಮೊದಲ ಸಲ ಹೊರಟವರಿಗೆ

ಅಕ್ಕನ ಮನೆಯವರು ಈ ವರ್ಷ ವಂಡರ್‌ಲಾ ಎಂಬ ಮನರಂಜನಾ ಉದ್ಯಾನಕ್ಕೆ ಹೋಗಿಯೇ ತೀರುವುದೆಂದು ನಿಶ್ಚಯಿಸಿದ್ದಾರೆ. ಹೊರಡುವವರು ಅಕ್ಕ, ಭಾವ, ಏಳನೇ ತರಗತಿಯ ಮಗಳು, ಎರಡನೇ ತರಗತಿಯ ಮಗ ಮತ್ತು ಎಪ್ಪತ್ತು ದಾಟಿದ ಅಕ್ಕನ ಅತ್ತೆ. ನಮ್ಮ ಕುಟುಂಬದಲ್ಲಿ ಪ್ರವಾಸದ ಲೆಕ್ಕಾಚಾರಗಳು ಹೇಗೋ ನನ್ನ ಪಾಲಿಗೇ ಬರುವ ರೂಢಿ. ಅಲ್ಲಿಗೆ ಹಿಂದೆ ಹೋಗಿಬಂದವನೆಂಬ ಕಾರಣಕ್ಕೆ ಈ ಸಲವೂ ಅದು ನನ್ನ ಹೆಗಲಿಗೇ ಬಂತು. ಅವರಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹಾಸನ, ಅರಸೀಕೆರೆ, ಹೊಳೆನರಸೀಪುರದ ಕಡೆಯಿಂದ ಹೊರಡುವ ಯಾವ ಕುಟುಂಬಕ್ಕಾದರೂ ಇವು ಹೆಚ್ಚುಕಡಿಮೆ ಅನ್ವಯಿಸುತ್ತವೆ.

ವಂಡರ್‌ಲಾ ಇರುವುದು ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬಿಡದಿಯ ಹತ್ತಿರ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಉದ್ಯಾನ ತೆರೆದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2005ರಲ್ಲಿ ಇದನ್ನು ಆರಂಭಿಸಿದರು. ಸುಮಾರು 82 ಎಕರೆಯ ಜಾಗದಲ್ಲಿ ನೀರಿನ ಆಟಗಳು ಒಂದು ಕಡೆ, ಒಣ ಆಟಗಳು ಇನ್ನೊಂದು ಕಡೆ ಹರಡಿಕೊಂಡಿವೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತೇವೆಂದು ಹೊರಡುವವರು ಆಡುವುದಕ್ಕಿಂತ ಹೆಚ್ಚು ಹೊತ್ತು ಓಡಾಡುತ್ತಲೇ ಇರುತ್ತಾರೆ.

ಮೊದಲು ತೀರ್ಮಾನವಾಗಬೇಕಾದದ್ದು ದಿನಾಂಕ, ಮಿಕ್ಕಿದ್ದೆಲ್ಲ ಆಮೇಲೆ. ಹಾಸನದವರಿಗೆ ಜನಸಂದಣಿಯ ಸ್ವಭಾವವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಆಶ್ವಯುಜದ ಹುಣ್ಣಿಮೆಯ ನಂತರದ ಗುರುವಾರ ಹಾಸನಾಂಬೆಯ ಬಾಗಿಲು ತೆರೆದಾಗ ವಾರಾಂತ್ಯದ ಸಾಲಿಗೂ ವಾರದ ನಡುವಿನ ಬೆಳಗಿನ ಸಾಲಿಗೂ ಎಷ್ಟು ಅಂತರವಿರುತ್ತದೆಂಬುದು ಇಲ್ಲಿ ಪ್ರತಿ ಮನೆಗೂ ಗೊತ್ತು. ಬಿಡದಿಯಲ್ಲಿ ನಡೆಯುವುದೂ ಅದೇ. ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್ ವಾರ, ಶುಕ್ರವಾರವೋ ಸೋಮವಾರವೋ ಸರ್ಕಾರಿ ರಜೆ ಬಿದ್ದ ವಾರಾಂತ್ಯ ಇವೆಲ್ಲ ಅತಿಹೆಚ್ಚು ಜನ ಸೇರುವ ದಿನಗಳು. ಡಿಸೆಂಬರ್ ಮತ್ತು ಜನವರಿಯಲ್ಲಿ ವಾರದ ದಿನಗಳೂ ಖಾಲಿಯಿರುವುದಿಲ್ಲ, ಏಕೆಂದರೆ ಅದು ಶಾಲೆಗಳ ಪ್ರವಾಸದ ಕಾಲ. ಒಂದೊಂದು ಬಸ್ಸಿನಿಂದ ಐವತ್ತು ಮಕ್ಕಳು ಇಳಿದು ಒಟ್ಟಿಗೇ ಒಂದೇ ಆಟದ ಸಾಲಿಗೆ ನಿಂತರೆಂದರೆ ಆ ಸಾಲು ಸದ್ಯಕ್ಕೆ ಕರಗುವುದಿಲ್ಲ.

ನನ್ನ ಆಯ್ಕೆ ಜೂನ್ ಕೊನೆಯ ಅಥವಾ ಜುಲೈ ತಿಂಗಳ ಮಂಗಳವಾರ, ಬುಧವಾರ ಅಥವಾ ಗುರುವಾರ. ಆಗ ಶಾಲೆಗಳು ಆರಂಭವಾಗಿರುತ್ತವೆ, ಆದರೆ ಪ್ರವಾಸಗಳು ಶುರುವಾಗಿರುವುದಿಲ್ಲ. ಮಳೆಗಾಲದಲ್ಲಿ ಯಾರಾದರೂ ನೀರಾಟಕ್ಕೆ ಹೋಗುತ್ತಾರೆಯೇ ಎಂದು ಭಾವ ಕೇಳಿದರು. ಸಕಲೇಶಪುರದ ಮಳೆಯನ್ನು ಕಂಡವರಿಗೆ ಈ ಅನುಮಾನ ಸಹಜವೇ. ಆದರೆ ಮುಂಗಾರಿನ ಬಹುಪಾಲು ಮಳೆ ಘಟ್ಟದ ಸೆರಗಿನಲ್ಲಿಯೇ ಸುರಿದುಹೋಗುವುದರಿಂದ ಬಿಡದಿಯ ಕಡೆ ಆ ತಿಂಗಳುಗಳಲ್ಲಿ ಮೋಡ ಮತ್ತು ತುಂತುರು ಮಳೆಯೇ ಹೆಚ್ಚು. ಬೆಂಗಳೂರಿನ ಸುತ್ತಮುತ್ತ ಗುಡುಗು ಸಹಿತ ಜೋರು ಮಳೆ ಬರುವುದು ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ ಹಾಗೂ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಗುಡುಗು ಮಿಂಚು ಇರುವಾಗ ಎತ್ತರದ ಆಟಗಳನ್ನು ನಿಲ್ಲಿಸುತ್ತಾರೆ. ಅಂದರೆ ದುಬಾರಿ ಟಿಕೆಟ್ಟಿನ ರಜೆಯ ದಿನಗಳಲ್ಲಿಯೇ ಆಟ ತಪ್ಪುವ ಸಾಧ್ಯತೆಯೂ ಹೆಚ್ಚು. ಮಕ್ಕಳಿಗೆ ಶಾಲೆಯಿಂದ ರಜೆ ಕೇಳುವುದು ಅಕ್ಕನಿಗೆ ಇಷ್ಟವಿಲ್ಲ. ಮಳೆಯ ಕಾರಣಕ್ಕೆ ಜಿಲ್ಲಾಡಳಿತ ಹಿಂದಿನ ರಾತ್ರಿ ಘೋಷಿಸುವ ರಜೆಯನ್ನು ನೆಚ್ಚಿಕೊಂಡು ಯೋಜನೆ ಹಾಕಲು ಬರುವುದಿಲ್ಲವಲ್ಲ, ಆದ್ದರಿಂದ ಈ ಒಂದು ದಿನದ ಗೈರುಹಾಜರಿಯನ್ನು ಒಪ್ಪಿಕೊಳ್ಳಲೇಬೇಕೆಂದು ನಾನು ವಾದಿಸಿದ್ದೇನೆ.

ದಿನಾಂಕಕ್ಕೆ ಇಷ್ಟು ಮಹತ್ವವೇಕೆ ಎಂಬುದು ಒಂದು ಸಣ್ಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಂದು ಆಟದಲ್ಲಿ ಇಪ್ಪತ್ತು ಆಸನಗಳಿವೆ ಎಂದುಕೊಳ್ಳಿ. ಜನ ಹತ್ತುವುದು, ಸಿಬ್ಬಂದಿ ಪ್ರತಿಯೊಬ್ಬರ ಬೆಲ್ಟನ್ನು ಎಳೆದು ನೋಡುವುದು, ಆಟ ನಡೆಯುವುದು, ಜನ ಇಳಿಯುವುದು ಎಲ್ಲ ಸೇರಿ ಒಂದು ಸುತ್ತಿಗೆ ಐದು ನಿಮಿಷ ಹಿಡಿದರೆ ಗಂಟೆಗೆ 240 ಜನ ಆಡಬಹುದು. ನಿಮ್ಮ ಮುಂದೆ 200 ಜನರಿದ್ದರೆ ಐವತ್ತು ನಿಮಿಷ ಕಾಯಬೇಕು. ಉದ್ಯಾನ ಏಳು ಗಂಟೆಗಳ ಕಾಲ ತೆರೆದಿದ್ದು, ಊಟಕ್ಕೆ, ಬಟ್ಟೆ ಬದಲಾಯಿಸುವುದಕ್ಕೆ, ಅತ್ತಿಂದಿತ್ತ ನಡೆಯುವುದಕ್ಕೆ ಒಂದೂವರೆ ಗಂಟೆ ಹೋದರೆ, ಕಿಕ್ಕಿರಿದ ದಿನ ಕೈಗೆ ಸಿಗುವುದು ಆರು ದೊಡ್ಡ ಆಟಗಳು ಮಾತ್ರ. ಸಾಲು ಹತ್ತು ನಿಮಿಷದ್ದಾಗಿರುವ ದಿನ ಅದೇ ಅವಧಿಯಲ್ಲಿ ಇಪ್ಪತ್ತು ಆಟಗಳನ್ನಾಡಬಹುದು.

ಎಲ್ಲ ಆಟಗಳ ಸಾಲೂ ಒಂದೇ ವೇಗದಲ್ಲಿ ಸರಿಯುವುದಿಲ್ಲ ಎಂಬುದು ಇದಕ್ಕಿಂತ ಉಪಯುಕ್ತವಾದ ವಿಷಯ. ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಮುಂದಕ್ಕೆ ಸುರುಳಿ ಸುತ್ತಿ, ಮತ್ತೆ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ಹಿಂದಿರುಗುತ್ತದೆ. ವೃತ್ತಾಕಾರದ ಹಳಿಯಾಗಿದ್ದರೆ ಒಂದು ಬಂಡಿ ಓಡುತ್ತಿರುವಾಗಲೇ ಇನ್ನೊಂದರಲ್ಲಿ ಜನರನ್ನು ಹತ್ತಿಸಬಹುದಿತ್ತು. ಹೋದ ದಾರಿಯಲ್ಲೇ ಮರಳುವ ಬಂಡಿಯಾದ್ದರಿಂದ ಇಲ್ಲಿ ಅದಕ್ಕೆ ಅವಕಾಶವಿಲ್ಲ, ಹಾಗಾಗಿ ಸಾಲು ನಿಧಾನವಾಗಿಯೇ ಸರಿಯುತ್ತದೆ. ಇಂಥ ಆಟಗಳನ್ನು ಬಾಗಿಲು ತೆರೆದ ಮೊದಲ ಗಂಟೆಯಲ್ಲಿಯೇ ಮುಗಿಸಬೇಕು. ಅಲೆಗಳ ಕೊಳ, ರಬ್ಬರ್ ಟ್ಯೂಬಿನಲ್ಲಿ ಕುಳಿತು ತೇಲುವ ನಿಧಾನದ ಹೊಳೆ, ಬಿಸಿನೀರಿನ ಮಳೆಯಲ್ಲಿ ಕುಣಿಯುವ ರೇನ್ ಡಿಸ್ಕೊ ಇವುಗಳಿಗೆ ಸರದಿಯ ಗೊಡವೆ ಕಡಿಮೆ. ಒಟ್ಟಿಗೆ ನೂರಾರು ಜನ ಇಳಿಯಬಹುದು. ಜನ ತುಂಬಿರುವ ನಡುಮಧ್ಯಾಹ್ನವನ್ನು ಅಲ್ಲಿ ಕಳೆಯುವುದು ಜಾಣತನ. ಆದರೆ ಹೆಚ್ಚಿನವರು ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬಿದ್ದ ಮೊದಲ ಆಟಕ್ಕೆ ನಿಂತುಬಿಡುತ್ತಾರೆ, ಅದು ಬೇರೆ ಮಾತು.

ಹೆಚ್ಚು ಹಣ ಕೊಟ್ಟರೆ ಚಿಕ್ಕ ಸಾಲಿನಲ್ಲಿ ನಿಲ್ಲಬಹುದಾದ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೂಡ ಇದೆ. ಹಾಸನಾಂಬೆಯ ಸಾವಿರ ರೂಪಾಯಿಯ ನೇರ ದರ್ಶನಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ, ಹಾಗೆಯೇ ಅದರ ದೋಷವೂ ಇದರಲ್ಲಿದೆ. ಎಲ್ಲರೂ ಅದನ್ನೇ ಕೊಂಡ ದಿನ ಆ ಸಾಲೂ ಉದ್ದವಾಗುತ್ತದೆ. ಇಡೀ ಕುಟುಂಬಕ್ಕೆ ಆ ಟಿಕೆಟ್ ಕೊಳ್ಳುವ ಹಣದಲ್ಲಿ ಒಂದು ರಾತ್ರಿ ವಸತಿಗೃಹದಲ್ಲಿ ತಂಗಿ ಬರಬಹುದಾದ್ದರಿಂದ, ವಾರದ ನಡುವೆ ಹೋಗುವವರಿಗೆ ಇದರ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಟಿಕೆಟ್ ದರವು ದಿನದಿಂದ ದಿನಕ್ಕೆ ಬದಲಾಗುವುದರಿಂದ ಇಲ್ಲಿ ನಮೂದಿಸುತ್ತಿಲ್ಲ. ಜಾಲತಾಣದಲ್ಲಿ ಬೇಕಾದ ದಿನಾಂಕವನ್ನು ಆರಿಸಿ ನೋಡಿಕೊಂಡು, ಮುಂಗಡವಾಗಿಯೇ ಕೊಂಡಿಟ್ಟುಕೊಳ್ಳಬೇಕು.

ಹೊರಡುವ ಮುನ್ನ ಮನೆಯಲ್ಲಿ ಮಾಡಲೇಬೇಕಾದ ಕೆಲಸವೆಂದರೆ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆಯುವುದು. ಅಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂಟಿಮೀಟರಿಗಿಂತ ಚಿಕ್ಕ ಮಕ್ಕಳಿಗೆ ಟಿಕೆಟ್ ಬೇಡ, 140 ಸೆಂಟಿಮೀಟರಿಗಿಂತ ಎತ್ತರದವರು ದೊಡ್ಡವರ ಲೆಕ್ಕ. ಅತಿ ರೋಮಾಂಚಕ ಆಟಗಳಿಗೂ 140 ಸೆಂಟಿಮೀಟರಿನ ಮಿತಿ ಇದೆ. ಈ ಮಿತಿ ಮಗುವಿನ ಧೈರ್ಯಕ್ಕೆ ಸಂಬಂಧಿಸಿದ್ದಲ್ಲ. ಭುಜದ ಮೇಲಿನಿಂದ ಇಳಿದು ತೊಡೆಯ ಹತ್ತಿರ ಬಂದು ಭದ್ರವಾಗುವ ಕಬ್ಬಿಣದ ಪಟ್ಟಿಯನ್ನು ದೊಡ್ಡವರ ಮೈಕಟ್ಟಿಗೆ ತಕ್ಕಂತೆ ರೂಪಿಸಿರುತ್ತಾರೆ. ಸಣ್ಣ ದೇಹ ಅದರ ಸಂದಿನಿಂದ ಜಾರಬಹುದು. ‘ನಮ್ಮ ಹುಡುಗನಿಗೆ ಹೆದರಿಕೆಯೇ ಇಲ್ಲ, ಬಿಡಿ ಸಾರ್’ ಎಂದು ಸಿಬ್ಬಂದಿಯೊಡನೆ ವಾದಕ್ಕಿಳಿಯುವ ತಂದೆಯರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅಳೆದು ನೋಡಿದರೆ ಅಕ್ಕನ ಮಗಳು 140ನ್ನು ದಾಟಿದ್ದಾಳೆ, ಮಗ ಅದರ ಹತ್ತಿರಕ್ಕೂ ಬಂದಿಲ್ಲ. ಮಕ್ಕಳಿಬ್ಬರೂ ಎಲ್ಲವನ್ನೂ ಒಟ್ಟಿಗೇ ಆಡಬೇಕೆಂಬ ಆಸೆ ಅಲ್ಲಿಗೆ ಮುಗಿಯಿತು. ಇದನ್ನು ಚಿಕ್ಕವನಿಗೆ ಮನೆಯಲ್ಲಿಯೇ ತಿಳಿಸಿಬಿಡಬೇಕು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಬಾಗಿಲ ಬಳಿ ಅಳತೆಗೋಲಿನ ಕೆಳಗೆ ನಿಲ್ಲಿಸಿ, ಆಮೇಲೆ ಹಿಂದಕ್ಕೆ ಕಳಿಸಿದರೆ ಮಗುವಿಗೆ ಆಗುವ ಅವಮಾನ ಇಡೀ ದಿನವನ್ನು ಕೆಡಿಸುತ್ತದೆ. ಬೆಳಗ್ಗೆ ಮಗಳನ್ನು ಕರೆದುಕೊಂಡು ಭಾವ ದೊಡ್ಡ ಆಟಗಳಿಗೆ, ಮಗನೊಡನೆ ಅಕ್ಕ ಮಕ್ಕಳ ಆಟಗಳಿಗೆ, ಮಧ್ಯಾಹ್ನ ಎಲ್ಲರೂ ನೀರಿಗೆ ಎಂದು ಹಂಚಿಕೆ ಮಾಡಿದ್ದೇನೆ. ಅಲೆಗಳ ಕೊಳದಲ್ಲಿ ಮಾತ್ರ ಚಿಕ್ಕವನನ್ನು ಕೈಯಳತೆಯಿಂದ ಆಚೆ ಬಿಡಬಾರದೆಂದು ಒತ್ತಿ ಹೇಳಿದ್ದೇನೆ. ನೀರು ಮೊಣಕಾಲಿನಷ್ಟೇ ಇದ್ದರೂ ಅಲೆ ಬಂದಾಗ ಮಕ್ಕಳ ಕಾಲು ತಪ್ಪುತ್ತದೆ.

ನೀರಿಗಿಳಿಯುವಾಗ ಹತ್ತಿಯ ಬಟ್ಟೆಗೆ ಅವಕಾಶವಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪೇ ಆಗಬೇಕು. ಹತ್ತಿಯ ನೂಲಿನ ಎಳೆಗಳು ನೀರು ಶುದ್ಧೀಕರಿಸುವ ಯಂತ್ರಗಳಲ್ಲಿ ಕಟ್ಟಿಕೊಳ್ಳುತ್ತವೆ, ಜೊತೆಗೆ ನೀರು ಹೀರಿದ ಹತ್ತಿ ಭಾರವಾಗಿ ಜಾರುಬಂಡೆಯ ಮೇಲೆ ತಡೆಯುತ್ತದೆ. ಉದ್ಯಾನದೊಳಗಿನ ಅಂಗಡಿಯಲ್ಲಿ ಇಂಥ ಉಡುಪುಗಳು ಸಿಗುತ್ತವಾದರೂ, ಹಾಸನದ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಮೊದಲೇ ಕೊಂಡರೆ ಅಳತೆ ನೋಡಿ ಸಮಾಧಾನವಾಗಿ ಆರಿಸಬಹುದು. ಸೀರೆ, ದುಪಟ್ಟಾ, ಸಡಿಲ ಚಪ್ಪಲಿ, ಕನ್ನಡಕ ಇವೆಲ್ಲ ವೇಗದ ಆಟಗಳಿಗೂ ಒಗ್ಗುವುದಿಲ್ಲ. ಒಡವೆಗಳನ್ನು ಮನೆಯಲ್ಲೇ ಬಿಟ್ಟುಹೋಗುವುದು ಕ್ಷೇಮ.

ಅಕ್ಕನ ಅತ್ತೆಯವರು ‘ನಾನು ಬಂದು ಮಾಡೋದೇನಿದೆ, ನೀವು ಹೋಗಿಬನ್ನಿ’ ಎನ್ನುತ್ತಿದ್ದಾರೆ. ಬರಲಿ ಎಂಬುದು ಎಲ್ಲರ ಆಸೆ. ಆದರೆ ವಯಸ್ಸಾದವರನ್ನು ಕರೆದುಕೊಂಡು ಹೋಗಿ, ಒಂದು ಬೆಂಚಿನ ಮೇಲೆ ಕೂರಿಸಿ, ಮಡಿಲಲ್ಲಿ ಎಲ್ಲರ ಚೀಲಗಳನ್ನೂ ಚಪ್ಪಲಿಗಳನ್ನೂ ಇಟ್ಟು ಕಾವಲಿಗೆ ಬಿಡುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಸಾಮಾನಿಗೆ ಅಲ್ಲಿ ಬಾಡಿಗೆ ಲಾಕರ್‌ಗಳಿವೆ. ಅವರು ಬರುವುದಾದರೆ ನಿಧಾನವಾಗಿ ತಿರುಗುವ ಸ್ಕೈ ವೀಲ್‌ನಲ್ಲಿ ಕುಳಿತು ಬಿಡದಿಯ ಸುತ್ತಲಿನ ಬಯಲನ್ನು ನೋಡಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಅವರಿಗೆ ನೆರಳೂ ಒಬ್ಬರ ಜೊತೆಯೂ ಇರಬೇಕು, ಅದನ್ನು ಅಕ್ಕ ಮತ್ತು ಭಾವ ಸರದಿಯ ಮೇಲೆ ವಹಿಸಿಕೊಳ್ಳಬೇಕು. ಅದು ಆಗದೆಂದಾದರೆ ಅವರನ್ನು ಮನೆಯಲ್ಲಿ ಬಿಟ್ಟುಹೋಗುವುದೇ ಹೆಚ್ಚು ಗೌರವದ ಕೆಲಸ. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನು–ಕುತ್ತಿಗೆಯ ನೋವು ಇರುವವರು, ಗರ್ಭಿಣಿಯರು ದೊಡ್ಡ ಆಟಗಳನ್ನು ಹತ್ತಬಾರದೆಂಬ ಎಚ್ಚರಿಕೆ ಪ್ರತಿಯೊಂದು ಆಟದ ಮುಂದೆಯೂ ಇರುತ್ತದೆ. ಭಾವನವರ ಸೊಂಟನೋವಿನ ವಿಷಯವನ್ನು ಅವರಿಗಿಂತ ಮೊದಲು ಅವರ ಮಗಳೇ ನೆನಪಿಸಿದಳು, ಹಾಗಾಗಿ ಅವರು ಅವಳ ಜೊತೆಗೆ ಹೋದರೂ ದೊಡ್ಡ ಆಟಗಳನ್ನು ಹತ್ತುವಂತಿಲ್ಲ.

ಇನ್ನು ದಾರಿಯ ಮಾತು. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು ದಾಟಿ ಕುಣಿಗಲ್‌ವರೆಗೆ ಎಲ್ಲರಿಗೂ ಒಂದೇ ಹೆದ್ದಾರಿ. ಅಲ್ಲಿಂದ ಮುಂದೆ ನೆಲಮಂಗಲಕ್ಕೆ ಹೋಗಿ, ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಬರುವುದು ಒಂದು ದಾರಿ. ಕುಣಿಗಲ್‌ನಲ್ಲಿ ಬಲಕ್ಕೆ ತಿರುಗಿ ಮಾಗಡಿಯ ಮೇಲೆ ಬಿಡದಿ ಸೇರುವುದು ಇನ್ನೊಂದು. ಎರಡನೆಯದು ಕಿರಿದಾದರೂ ಬೆಂಗಳೂರಿನ ವಾಹನಸಂದಣಿಯ ಗೋಜಿಲ್ಲದ್ದು. ನನಗೆ ಅದೇ ಇಷ್ಟ. ಸುಮಾರು 180 ಕಿಲೋಮೀಟರ್ ಆಗುತ್ತದೆ, ಮಕ್ಕಳಿರುವ ಕಾರಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ರೈಲಿನಲ್ಲಿ ಹೋಗುವವರು ಶ್ರವಣಬೆಳಗೊಳದ ಮೇಲಿನ ಮಾರ್ಗದಲ್ಲಿ ಯಶವಂತಪುರಕ್ಕೆ ಹೋಗಿ, ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಚಲ್ಲಘಟ್ಟದಲ್ಲಿ ಇಳಿದು, ಬಿಡದಿಯ ಕಡೆಯ ಬಸ್ಸನ್ನೋ ಆಟೋವನ್ನೋ ಹಿಡಿಯಬಹುದು. ಆದರೆ ಮಕ್ಕಳೂ ಚೀಲಗಳೂ ಇದ್ದಾಗ ಇಷ್ಟು ಬದಲಾವಣೆ ಪ್ರಯಾಸದ್ದೇ.

ಹಿಂದಿನ ರಾತ್ರಿಯೇ ಹೋಗಿ ತಂಗಬೇಕೆಂದು ಸಾಮಾನ್ಯವಾಗಿ ಎಲ್ಲರೂ ಸಲಹೆ ಕೊಡುತ್ತಾರೆ. ಭಾವನವರ ಯೋಜನೆಯಾದರೋ ಬೆಳಗ್ಗೆ ಹೋಗಿ ರಾತ್ರಿಯೇ ಹಿಂದಿರುಗುವುದಾಗಿತ್ತು. ಇವೆರಡಕ್ಕೂ ನನ್ನ ಒಪ್ಪಿಗೆಯಿಲ್ಲ. ಉದ್ಯಾನದ ಬಾಗಿಲು ತೆರೆಯುವುದು ಬೆಳಗ್ಗೆ ಹನ್ನೊಂದು ಗಂಟೆಗೆ. ಹಾಸನವನ್ನು ಆರು ಗಂಟೆಗೆ ಬಿಟ್ಟರೆ ನಡುವೆ ತಿಂಡಿ ತಿಂದೂ ಹತ್ತೂವರೆಯ ಹೊತ್ತಿಗೆ ಅಲ್ಲಿರಬಹುದು, ಆದ್ದರಿಂದ ಹಿಂದಿನ ರಾತ್ರಿಯ ವಸತಿ ವ್ಯರ್ಥ ಖರ್ಚು. ಅಪಾಯವಿರುವುದು ಸಂಜೆಯ ಪ್ರಯಾಣದಲ್ಲಿ. ಇಡೀ ದಿನ ಬಿಸಿಲಲ್ಲಿ ನಿಂತು, ನೀರಿನಲ್ಲಿ ನೆನೆದು, ತಲೆಕೆಳಗಾಗಿ ತಿರುಗಿದ ವ್ಯಕ್ತಿ ಕತ್ತಲಾದ ಮೇಲೆ ಲಾರಿಗಳ ನಡುವೆ ನಾಲ್ಕು ಗಂಟೆ ಕಾರು ಓಡಿಸಬಾರದು. ಹಿಂದಿನ ಸೀಟಿನವರೆಲ್ಲ ನಿದ್ದೆಹೋಗಿರುವಾಗ ಚಾಲಕನ ಕಣ್ಣೂ ಎಳೆಯುತ್ತದೆ. ತಂಗುವುದಾದರೆ ಆಟ ಮುಗಿದ ರಾತ್ರಿ ತಂಗಬೇಕು. ಉದ್ಯಾನದ ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ. ಅದು ದುಬಾರಿಯೆನಿಸಿದರೆ ಬಿಡದಿ, ರಾಮನಗರದಲ್ಲಿ ಸಾಧಾರಣ ವಸತಿಗೃಹಗಳು ಸಿಗುತ್ತವೆ.

ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಚಿತ್ರಾನ್ನ, ಚಪಾತಿಗಳ ಡಬ್ಬಿ ದಾರಿಯ ಬುತ್ತಿಯಾಗಿಯೇ ಮುಗಿಯಬೇಕು. ಆದರೆ ಬಾಗಿಲಿಗೆ ಬರುವ ಮುನ್ನ ಹೊಟ್ಟೆ ಬಿರಿಯುವಷ್ಟು ತಿನ್ನುವುದು ಬೇಡ. ದೇಹ ತಿರುಗುತ್ತಿದೆಯೆಂದು ಒಳಕಿವಿ ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ತಾಳೆಯಾಗದಿದ್ದಾಗ ವಾಕರಿಕೆ ಬರುತ್ತದೆ, ತುಂಬಿದ ಹೊಟ್ಟೆಯಲ್ಲಿ ಅದು ಇನ್ನೂ ಹೆಚ್ಚು. ಬಿಡದಿಯ ತಟ್ಟೆ ಇಡ್ಲಿಯನ್ನು ಮರುದಿನ ಬೆಳಗ್ಗೆ ಸಾವಕಾಶವಾಗಿ ತಿನ್ನಬಹುದು. ಆಮೇಲೆ ರಾಮನಗರದ ಜಾನಪದ ಲೋಕವನ್ನು ನೋಡಿಕೊಂಡು, ಮಂಡ್ಯ, ನಾಗಮಂಗಲದ ಮೇಲೆ ಬೆಳ್ಳೂರು ಕ್ರಾಸಿಗೆ ಬಂದರೆ ಹಾಸನದ ಹೆದ್ದಾರಿ ಸಿಗುತ್ತದೆ. ಬೀಸುವ ಕಲ್ಲು, ಒನಕೆ, ಹಳೆಯ ಪಾತ್ರೆಗಳ ಆ ಸಂಗ್ರಹದಲ್ಲಿ ಮೊಮ್ಮಕ್ಕಳಿಗೆ ವಿವರಣೆ ಕೊಡುವ ಕೆಲಸ ಅಕ್ಕನ ಅತ್ತೆಯವರದೇ ಎಂದು ತಿಳಿಸಿದ ಮೇಲೆ, ಅವರು ಬರುವ ವಿಚಾರದಲ್ಲಿ ಸ್ವಲ್ಪ ಮೆತ್ತಗಾಗಿದ್ದಾರೆ. ಭಾವನವರ ರಜೆ ಮಂಜೂರಾದ ದಿನವೇ ಟಿಕೆಟ್ ಕೊಳ್ಳುವುದೆಂದು ತೀರ್ಮಾನವಾಗಿದೆ.