ದಿಲ್ಲಿ ರೇಸಿಗೆ ಹೋಗಿದ್ದ ಪುಟ್ಟ ಎಂಜಿನ್

ಊರಿಂದ ಬಂದ ನೆಂಟರು ಲಂಡನ್ ಸುತ್ತಿ ಸುಸ್ತಾದ ಮೇಲೆ "ಇನ್ನೇನಿದೆ ಇಲ್ಲಿ?" ಅಂತ ಕೇಳುತ್ತಾರೆ. ಬೆಡ್‌ಫರ್ಡ್‌ಶೈರಿನ ಓಲ್ಡ್ ವಾರ್ಡನ್ ಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿರುವ ಶಟಲ್‌ವರ್ತ್ ಸಂಗ್ರಹದಲ್ಲಿ ಹಳೇ ವಿಮಾನಗಳನ್ನು ಒರೆಸಿ ನಿಲ್ಲಿಸುವುದಷ್ಟೇ ಅಲ್ಲ, ಹಾರಿಸುತ್ತಾರೆ. ಗಾಳಿ ಜಾಸ್ತಿ ಇದ್ದರೆ ತೀರಾ ಹಳೆಯವು ಹೊರಗೇ ಬರುವುದಿಲ್ಲ. ಆಗ ಸುಮ್ನೆ ಟೀ ಕುಡಿದು ಕೂರಬೇಕು, ಅಷ್ಟೇ.

ಎಲ್ಲರೂ 1909ರ ಬ್ಲೇರಿಯೋ ವಿಮಾನದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗಿಷ್ಟ ಕಾಂಪರ್ ಸ್ವಿಫ್ಟ್. ಒಬ್ಬರೇ ಕೂರುವಂಥದ್ದು, ರೆಕ್ಕೆಯ ಆ ತುದಿಯಿಂದ ಈ ತುದಿಗೆ 24 ಅಡಿ. ಮೂತಿಯಲ್ಲಿರುವುದು ಪಾಬ್ಜಾಯ್ ಆರ್ ಎಂಜಿನ್. ಏಳು ಸಿಲಿಂಡರುಗಳು ಸುತ್ತಲೂ ಕೂತಿವೆ. ಒಟ್ಟು ಸುಮಾರು ಎರಡೂವರೆ ಲೀಟರ್. ನಮ್ಮ ಹಳೇ ಇನ್ನೋವಾ ಎಂಜಿನ್ನೂ ಅಷ್ಟೇ ಅಲ್ವಾ? ಆದರೆ ಇದರ ತೂಕ 60 ಕೆಜಿ ಚಿಲ್ಲರೆ, ಶಕ್ತಿ 75 ಅಶ್ವಶಕ್ತಿ.

ಇಷ್ಟು ಚಿಕ್ಕ ಎಂಜಿನ್ನಿನಿಂದ ಅಷ್ಟು ಶಕ್ತಿ ಬೇಕೆಂದರೆ ಜೋರಾಗಿ ತಿರುಗಲೇಬೇಕು, ನಿಮಿಷಕ್ಕೆ 3,000 ಸುತ್ತು. ಪ್ರೊಪೆಲ್ಲರಿಗೆ ಅಷ್ಟು ವೇಗ ಒಗ್ಗುವುದಿಲ್ಲ. ದೊಡ್ಡದಾಗಿದ್ದು ನಿಧಾನವಾಗಿ ತಿರುಗಿದರೇ ಅದು ಗಾಳಿಯನ್ನು ಚೆನ್ನಾಗಿ ತಳ್ಳುವುದು. ಹಾಗಾಗಿ ಎಂಜಿನ್ ರೂಪಿಸಿದ ಡಗ್ಲಸ್ ಪಾಬ್ಜಾಯ್ ನಡುವೆ ಗೇರ್ ಇಟ್ಟು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಈ ಗೇರಿನಿಂದಾಗಿಯೇ ಪ್ರೊಪೆಲ್ಲರ್ ಎಂಜಿನ್ನಿನ ನಡುವಿಗೆ ಬರದೆ ಕೊಂಚ ಮೇಲೆ ಕೂತಿದೆ. ಮೊದಲ ಸಲ ನೋಡಿದವರಿಗೆ ಏನೋ ವಕ್ರ ಅನ್ನಿಸುತ್ತದೆ. ನನಗಂತೂ ಇಡೀ ಶೆಡ್ಡಿನಲ್ಲಿ ಇಷ್ಟು ಜಾಣತನದ ವಸ್ತು ಇನ್ನೊಂದಿಲ್ಲ.

ಆಟಿಕೆ ಅಂದುಕೊಳ್ಳಬೇಡಿ. 1931ರಲ್ಲಿ ಬಟ್ಲರ್ ಎಂಬ ಪೈಲಟ್ ಇದೇ ಜಾತಿಯ ವಿಮಾನದಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ 9 ದಿನ ಚಿಲ್ಲರೆಯಲ್ಲಿ ಒಬ್ಬರೇ ಹೋಗಿ ಮುಟ್ಟಿದರು.

ಇಲ್ಲಿ ನಿಂತಿರುವ ಸ್ವಿಫ್ಟ್ ಮೊದಲು ನಮ್ಮ ದೇಶದಲ್ಲೇ ಇತ್ತು. ಅದರ ಒಡೆಯ ಅಲ್ಬನ್ ಅಲಿ, ಸಿಲ್ಚಾರ್ ಕಡೆಯ ಟೀ ತೋಟದವರು. 'ಸ್ಕಾರ್ಲೆಟ್ ಏಂಜೆಲ್' ಅಂತ ಅದಕ್ಕೆ ಹೆಸರಿಟ್ಟು 1933ರಲ್ಲಿ ದಿಲ್ಲಿಯ ವೈಸ್‌ರಾಯ್ ಕಪ್ ರೇಸಿಗೆ ಇಳಿಸಿದ್ದರು. ಅದೇ ರೇಸಿಗೆ, ಈ ಸಂಗ್ರಹ ಶುರುಮಾಡಿದ ರಿಚರ್ಡ್ ಶಟಲ್‌ವರ್ತ್ ಕೂಡ ಇಂಗ್ಲೆಂಡಿನಿಂದ ತಮ್ಮದೊಂದು ಸ್ವಿಫ್ಟ್ ಹಾರಿಸಿಕೊಂಡು ಬಂದಿದ್ದರು. 1940ರಲ್ಲಿ ವಾಯುಪಡೆಯ ತರಬೇತಿ ಹಾರಾಟದಲ್ಲಿ ಅವರು ತೀರಿಕೊಂಡರು. ಮಗನ ನೆನಪಿಗೆ ತಾಯಿ ಟ್ರಸ್ಟ್ ಮಾಡಿದರು. ಅಲಿಯವರ ವಿಮಾನ ಕೊನೆಗೆ ಬಂದು ಸೇರಿದ್ದು ಅದೇ ಸಂಗ್ರಹಕ್ಕೆ.

ಈ ಕಡೆ ಬರುವುದಿದ್ದರೆ ಹಾರಾಟ ಇರುವ ದಿನ ನೋಡಿಕೊಂಡು ಬನ್ನಿ. ಹತ್ತಿರದ ರೈಲು ನಿಲ್ದಾಣ ಬಿಗಲ್ಸ್‌ವೇಡ್. ಬೇಸಿಗೆಯಾದರೂ ಸ್ವೆಟರ್ ಇರಲಿ.