ಕಾರ್ಡಿನ ಅವಧಿ ಮುಗಿದ ವಾರ

ಅಮೆರಿಕದ ಪ್ರಜೆಯನ್ನು ಮದುವೆಯಾದರೆ ಮರುದಿನವೇ ಗ್ರೀನ್ ಕಾರ್ಡ್ ಕೈಗೆ ಬರುತ್ತದೆ ಎಂದು ಸಾಗರದ ಕಡೆಯ ನಮ್ಮ ಬಂಧುಗಳಲ್ಲಿ ಅನೇಕರು ಈಗಲೂ ನಂಬಿದ್ದಾರೆ. ಹಾಗೆ ಬರುವುದಿಲ್ಲ. ಗಂಡನ ಹೆಸರಿನಲ್ಲಿ ಐ-130 (ಇವಳು ನನ್ನ ಹೆಂಡತಿ ಎಂದು ತೋರಿಸುವ ಅರ್ಜಿ), ನನ್ನ ಹೆಸರಿನಲ್ಲಿ ಐ-485 (ಗ್ರೀನ್ ಕಾರ್ಡಿನ ಅರ್ಜಿ) ಸಲ್ಲಿಸಿ, ಬೆರಳಚ್ಚು ಕೊಟ್ಟು, ಸಂದರ್ಶನದ ಕರೆಗೆ ಕಾಯಬೇಕು. ಹಾಗೆ ಕಾಯುತ್ತಾ ದುಡಿಯಬೇಕೆಂದರೆ ಬೇರೆಯದೇ ಒಂದು ಕಾರ್ಡ್ ಬೇಕು, ಅದು ಇಎಡಿ, ಅಂದರೆ ಕೆಲಸದ ಅನುಮತಿಯ ಕಾರ್ಡ್. ಓದಿದ ಮೇಲೆ ವಿದ್ಯಾರ್ಥಿಗಳಿಗೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ, ಒಪಿಟಿ, ಮುಗಿಯುವ ಮೊದಲೇ, 2023ರ ಬೇಸಿಗೆಯಲ್ಲಿ, ನನಗೆ ಅದು ಎರಡು ವರ್ಷದ ಮಟ್ಟಿಗೆ ಸಿಕ್ಕಿತು. ಅದೇ ಸೆಪ್ಟೆಂಬರ್ ಕೊನೆಗೆ ಸರ್ಕಾರ ಈ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಆದರೆ ಆಗಲೇ ಮುದ್ರಣವಾಗಿದ್ದ ಕಾರ್ಡಿಗೆ ಅದು ಅನ್ವಯಿಸಲಿಲ್ಲ.

2025ರ ಜೂನ್‌ನಲ್ಲಿ ಕಾರ್ಡಿನ ದಿನಾಂಕ ಮುಗಿಯುವುದಿತ್ತು. ಐ-485 ಇನ್ನೂ ಇತ್ಯರ್ಥವಾಗಿರಲಿಲ್ಲ. ಅವಧಿ ಮುಗಿಯಲು 180 ದಿನ ಇರುವಾಗಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು, ಚಳಿಗಾಲದಲ್ಲೇ ಹಾಕಿದ್ದೆ. ರಸೀದಿಯೂ ಬಂದಿತ್ತು. ಹೊಸ ಕಾರ್ಡ್ ಮಾತ್ರ ಬಂದಿರಲಿಲ್ಲ.

ನಾನು ಕೊಲಂಬಸ್ ನಗರದ ಹೊರವಲಯದಲ್ಲಿ ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿದ್ದೇನೆ. ಆ ಸೋಮವಾರ ಬೆಳಿಗ್ಗೆ ಎಚ್‌ಆರ್ ಅಧಿಕಾರಿ ಕರೆಸಿಕೊಂಡರು. ಮೇಜಿನ ಮೇಲೆ ನನ್ನ ಐ-9 ಫಾರಂ ಇತ್ತು. 1986ರ ಕಾನೂನು ಬಂದಾಗಿನಿಂದ ಇಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ, ದುಡಿಯಲು ಅನುಮತಿ ಇದೆಯೆಂದು ಖಾತ್ರಿಪಡಿಸುವ ಈ ಫಾರಂ ತುಂಬಬೇಕು. ಕೆಲಸದ ಅನುಮತಿಗೆ ಗಡುವಿದ್ದರೆ ಆ ದಿನಾಂಕದೊಳಗೆ ಮರುಪರಿಶೀಲನೆ ಮಾಡುವುದು ಮಾಲೀಕರ ಹೊಣೆ. ರಸೀದಿ ಕೊಟ್ಟೆ. ಅವರು ಅದರ ತಲೆಬರಹದ ಮೇಲೆ ಬೆರಳಿಟ್ಟರು. ‘ಈ ಸೂಚನೆಯಿಂದ ಯಾವುದೇ ವಲಸೆ ಸ್ಥಾನಮಾನವಾಗಲಿ ಸೌಲಭ್ಯವಾಗಲಿ ದೊರೆಯುವುದಿಲ್ಲ’ ಎಂದು ದೊಡ್ಡ ಅಕ್ಷರಗಳಲ್ಲಿ ಅಲ್ಲಿ ಅಚ್ಚಾಗಿದೆ.

‘ಇದೇ ಹೀಗೆ ಹೇಳುತ್ತಿರುವಾಗ ನಾನು ಹೇಗೆ ನಿಮ್ಮನ್ನು ಒಳಗೆ ಬಿಡಲಿ? ಹೊಸ ಕಾರ್ಡ್ ಬಂದ ಮೇಲೆ ಬನ್ನಿ’ ಎಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅನುಮತಿ ಇಲ್ಲದವರನ್ನು ಗೊತ್ತಿದ್ದೂ ದುಡಿಸಿಕೊಂಡರೆ ದಂಡ ಬೀಳುವುದು ಸಂಸ್ಥೆಗೆ. ಆದರೆ ಕಾನೂನಿಗೆ ಇನ್ನೊಂದು ಮಗ್ಗುಲೂ ಇದೆ: ನೋಡುವುದಕ್ಕೆ ಸರಿಯಾಗಿಯೇ ಇರುವ ದಾಖಲೆಯನ್ನು ತಳ್ಳಿಹಾಕಿ, ಇಂಥದ್ದೇ ಬೇಕು ಎಂದು ಹಟ ಹಿಡಿಯುವಂತಿಲ್ಲ. ನಾನು ಹಳೆಯ ಕಾರ್ಡನ್ನು ರಸೀದಿಯ ಪಕ್ಕದಲ್ಲಿಟ್ಟೆ. ಕಾರ್ಡಿನಲ್ಲಿ ವರ್ಗ ಸಿ09, ಅಂದರೆ ಐ-485 ಬಾಕಿ ಇರುವವರು. ರಸೀದಿಯಲ್ಲೂ ಸಿ09. ಅರ್ಜಿ ಸ್ವೀಕರಿಸಿದ ದಿನಾಂಕ ಕಾರ್ಡಿನ ಕೊನೆಯ ದಿನಾಂಕಕ್ಕಿಂತ ಮೊದಲಿನದು. ಈ ಎರಡೂ ಕೂಡಿ ಬಂದರೆ ಹಳೆಯ ಕಾರ್ಡ್ ತಾನಾಗಿಯೇ 540 ದಿನಗಳವರೆಗೆ ಮುಂದುವರಿಯುತ್ತದೆ ಎಂದು ಅದೇ ರಸೀದಿಯ ಕೆಳಗಿನ ಪ್ಯಾರಾದಲ್ಲಿ ಬರೆದಿತ್ತು. ಮೇಲಿನ ಸಾಲು ಕಣ್ಣಿಗೆ ಹೊಡೆಯುವಂತೆ, ಅನ್ನ ಕೊಡುವ ಸಾಲು ಸಣ್ಣ ಅಕ್ಷರದಲ್ಲಿ. ಹೀಗೆ ಕಾಗದ ಬರೆಯುವವರು ಅದನ್ನು ಹಿಡಿದು ಯಾರು ಯಾರೆದುರು ನಿಲ್ಲಬೇಕಾಗುತ್ತದೆ ಎಂದು ಒಮ್ಮೆ ಯೋಚಿಸಬೇಕಿತ್ತು.

ಅಧಿಕಾರಿ ತಮ್ಮ ವಕೀಲರನ್ನು ಕೇಳಿ ಹೇಳುತ್ತೇನೆ ಎಂದರು. ಅಲ್ಲಿಯವರೆಗೆ ಪ್ರಯೋಗಾಲಯಕ್ಕೆ ಹೋಗುವಂತಿಲ್ಲ. ಊಟದ ಕೋಣೆಯಲ್ಲಿ ಕುಳಿತೆ. ಹಿಂದಿನ ಸಂಜೆ ಬಿತ್ತಿದ್ದ ಮಾದರಿಗಳು ಇನ್‌ಕ್ಯುಬೇಟರ್‌ನಲ್ಲಿದ್ದವು. ನೀರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷೆಯಲ್ಲಿ 24 ಗಂಟೆ ಕಳೆದರೆ ಫಲಿತಾಂಶ ಓದಲೇಬೇಕು, ಅದು ನನ್ನ ಕಾರ್ಡಿಗಾಗಿ ಕಾಯುವುದಿಲ್ಲ. ಆಗಲೇ ಅಮ್ಮನ ಫೋನ್ ಬಂತು. ‘ಗಂಡ ದುಡಿಯುತ್ತಾನಲ್ಲೇ, ನಾಲ್ಕು ದಿನ ಮನೆಯಲ್ಲಿದ್ದರೆ ಏನಾಯಿತು?’ ಎಂದು ಸಮಾಧಾನ ಹೇಳಿದಳು. ಅಡಿಕೆ ತೋಟ ಅಡವಿಟ್ಟು ತೆಗೆದ ನನ್ನ ಓದಿನ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗಬೇಕು ಎನ್ನುವುದು ನನ್ನ ಹಟ. ಅಪ್ಪನಿಗೆ ಕೊಟ್ಟ ಮಾತು ಅದು. ಗಂಡನ ದುಡಿಮೆ ಅಲ್ಲಿಗೆ ಬರಬಾರದು.

ಮಧ್ಯಾಹ್ನ ಕಳೆದ ಮೇಲೆ ಕರೆ ಬಂತು. ಮಾಲೀಕರಿಗೆಂದೇ ಸರ್ಕಾರ ಹೊರಡಿಸಿರುವ ಎಂ-274 ಎಂಬ ಕೈಪಿಡಿಯನ್ನು ವಕೀಲರು ತೋರಿಸಿದ್ದರಂತೆ. ವಲಸೆ ಇಲಾಖೆಯ ಜಾಲತಾಣದ ಲೆಕ್ಕದ ಪುಟದಲ್ಲಿ ನನ್ನ ದಿನಾಂಕಗಳನ್ನು ಹಾಕಿ ನೋಡಿದಾಗ 2026ರ ಡಿಸೆಂಬರ್ ಬಂತು. ಅಧಿಕಾರಿ ಅದನ್ನು ಐ-9ರಲ್ಲಿ ಬರೆದು ಸಹಿ ಹಾಕಿ, ‘ಇದು ನನಗೆ ಮೊದಲೇ ಗೊತ್ತಿರಬೇಕಿತ್ತು’ ಎಂದರು. ಮಾದರಿಗಳನ್ನು ಹೊತ್ತಿಗೆ ಸರಿಯಾಗಿ ಓದಿದೆ.

ಈ ಆಸರೆ ಈಗ ಹೊಸಬರಿಗಿಲ್ಲ. 2017ರಿಂದ 180 ದಿನ ಇದ್ದದ್ದು 2022ರಲ್ಲಿ 540ಕ್ಕೆ ಏರಿ, 2025ರ ಜನವರಿಯಲ್ಲಿ ಕಾಯಂ ಆಗಿತ್ತು. ಅದೇ ವರ್ಷ ಅಕ್ಟೋಬರ್ 30ರಿಂದ ಸಲ್ಲಿಸಿದ ನವೀಕರಣದ ಅರ್ಜಿಗಳಿಗೆ ಅದನ್ನು ತೆಗೆದುಹಾಕಿದರು. ಡಿಸೆಂಬರ್‌ನಲ್ಲಿ ಹೊಸ ಕಾರ್ಡಿನ ಅವಧಿಯನ್ನು ಐದು ವರ್ಷದಿಂದ 18 ತಿಂಗಳಿಗೆ ಇಳಿಸಿದರು. ಅಂದರೆ ಪದೇ ಪದೇ ಅರ್ಜಿ, ಪ್ರತಿ ಸಲವೂ ಕಾರ್ಡ್ ತಡವಾದರೆ ಅಷ್ಟು ದಿನ ಕೆಲಸವಿಲ್ಲ. ತಡ ಮಾಡುವುದು ಇಲಾಖೆ, ಸಂಬಳ ಕಳೆದುಕೊಳ್ಳುವುದು ಅರ್ಜಿದಾರರು. ಇದನ್ನು ಅನ್ಯಾಯವೆನ್ನದೆ ಬೇರೇನೂ ಹೇಳಲಾರೆ.

ಕಂಪನಿಯ ಮೂಲಕ ಸಿಗುವ ಕೆಲಸದ ವೀಸಾ, ಎಚ್-1ಬಿ, ಇರುವವರಿಗೆ ನಾನು ಒತ್ತಿ ಹೇಳುವುದು ಇಷ್ಟೇ: ಮದುವೆಯ ಅರ್ಜಿ ಹಾಕಿದಿರೆಂದು ಅದನ್ನು ಬಿಡಬೇಡಿ. ಅದೇ ಕಂಪನಿ ಗಡುವಿನೊಳಗೆ ವಿಸ್ತರಣೆ ಕೇಳಿದರೆ 240 ದಿನಗಳವರೆಗೆ ಕೆಲಸ ಮುಂದುವರಿಸುವ ರಕ್ಷಣೆ ಅಲ್ಲಿ ಇನ್ನೂ ಇದೆ. ಇಎಡಿ ಹಿಡಿದು ಬೇರೆ ಕಂಪನಿ ಸೇರಿದರೆ ಎಚ್-1ಬಿ ಸ್ಥಾನ ಕೈಬಿಟ್ಟಂತೆ.

ನಮ್ಮ ಕನ್ನಡ ಕೂಟದ ಹುಡುಗಿಯೊಬ್ಬಳು ನವೆಂಬರ್‌ನಲ್ಲಿ ನವೀಕರಣಕ್ಕೆ ಅರ್ಜಿ ಹಾಕಿದಳು. ಅವಳಿಗೆ ರಸೀದಿಯ ಆಸರೆ ಇಲ್ಲ. ಕಳೆದ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ತೀವ್ರ ಆರ್ಥಿಕ ನಷ್ಟದ ಕಾರಣ ಕೊಟ್ಟು ಅರ್ಜಿಯನ್ನು ತ್ವರಿತಗೊಳಿಸುವಂತೆ ಕೋರಿಕೆ ಬರೆದೆವು. ಈ ಕ್ಷೇತ್ರದ ಸಂಸದರ ಕಚೇರಿಗೂ ಒಂದು ಪತ್ರ ಸಿದ್ಧಮಾಡಿದೆವು. ಕಾರ್ಡ್ ಬರುವುದು ತಡವಾದರೆ ರಾಜೀನಾಮೆ ಕೊಡಬೇಡ, ಸಂಬಳವಿಲ್ಲದ ರಜೆ ಕೇಳು, ಒಪ್ಪಿದರೆ ಬರಹದಲ್ಲಿ ತೆಗೆದುಕೋ ಎಂದು ಹೇಳಿ ಕಳುಹಿಸಿದ್ದೇನೆ.